ಕೆನರಾದ ಉಪ್ಪಿನ ಲೆಕ್ಕ: ಗಾರ್ಸಿನ ದರವನ್ನು ಮಣಕ್ಕೆ ತರುವುದು ಹೇಗೆ?

ಕರಾವಳಿ_ಕಡತ (ಪ್ರಶ್ನೆ):
ಮಂಗಳೂರು ಬಂದರಿನ ಉಪ್ಪಿನ ಸುಂಕದ ಕೋಷ್ಟಕ ಮಾಡುತ್ತಿದ್ದೇನೆ. ಕಂಪನಿ ಕಾಲದ ದರ ಗಾರ್ಸಿಗೆ (ಉಪ್ಪಿನ ಹಳೆಯ ದೊಡ್ಡ ಅಳತೆ) 70, 105, 120 ರೂಪಾಯಿ ಎಂದಿದೆ. 1878ರದ್ದು ಮಣಕ್ಕೆ 2 ರೂ. 8 ಆಣೆ. ಮಣವನ್ನು 25 ಪೌಂಡ್ ಹಿಡಿದರೆ ದರ ವಿಪರೀತ ಏರಿದಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ?

ತೂಕಪಟ್ಟಿ:
25 ಪೌಂಡಿನದು ಮದ್ರಾಸ್ ಪೇಟೆಯ ಮಣ. ಉಪ್ಪಿನ ಇಲಾಖೆಯ ಮಣ 82 2/7 ಪೌಂಡ್, ಅಂದರೆ ಸುಮಾರು 37.3 ಕೆ.ಜಿ. ಅದರ 120 ಮಣಕ್ಕೆ 1 ಗಾರ್ಸ್. ಹತ್ತಿರಹತ್ತಿರ 4,480 ಕೆ.ಜಿ. ಗಾರ್ಸಿನ ದರವನ್ನು 120ರಿಂದ ಭಾಗಿಸಿ (ರೂಪಾಯಿಗೆ 16 ಆಣೆ, ಆಣೆಗೆ 12 ಪೈ):

70 ರೂ. (1805) – ಮಣಕ್ಕೆ 9 ಆಣೆ 4 ಪೈ
105 ರೂ. (1809) – 14 ಆಣೆ
180 ರೂ. (1844ರಲ್ಲಿ, ಅದೇ ವರ್ಷ ಇಳಿಸಿದರು) – 1 ರೂ. 8 ಆಣೆ
120 ರೂ. (1844) – 1 ರೂಪಾಯಿ

2 ರೂ. 8 ಆಣೆ ಎಂದರೆ 40 ಆಣೆ, ಮಣಕ್ಕೆ 40 ಸೇರು. ಸೇರಿಗೆ 1 ಆಣೆ ಬಿತ್ತು. ಬಡವರ ಮನೆಗೆ ಅದು ದೊಡ್ಡ ಹೊರೆ. ಇನ್ನೊಂದು ಎಚ್ಚರಿಕೆ: ಗಾರ್ಸ್ ಮೂಲತಃ 400 ಮರಕಾಲಿನ (ಧಾನ್ಯ, ಉಪ್ಪು ಅಳೆಯುವ ಪಾತ್ರೆ) ಅಳತೆ, ತೂಕವಲ್ಲ. ಪುಡಿ ಉಪ್ಪು ಒತ್ತಾಗಿ ಕೂರುತ್ತದೆ, ದಪ್ಪ ಹರಳು ಸಡಿಲವಾಗಿ ನಿಲ್ಲುತ್ತದೆ. ಅಳತೆಯಲ್ಲಿ ಬರೆದ ಲೆಕ್ಕವನ್ನು ಕಿಲೋಗೆ ತಿರುಗಿಸಿದರೆ ಬರುವುದು ಅಂದಾಜು ಮಾತ್ರ.

ಆಗರ_ಮತ್ತು_ಅಳಿವೆ:
ಆ ಹಳೆಯ ದರಗಳನ್ನು ‘ತೆರಿಗೆ’ ಎಂಬ ಕಾಲಮ್ಮಿಗೆ ಹಾಕಬೇಡಿ. 1805ರಲ್ಲಿ ಮದ್ರಾಸ್ ಸರ್ಕಾರ ಉಪ್ಪಿನ ಏಕಸ್ವಾಮ್ಯ ತಂದಿತು. 1807ರಲ್ಲಿ ಅದು ಮಲಬಾರ್, ಕೆನರಾಗಳಿಗೂ ಬಂತು. ಆಗರದವರು (ಉಪ್ಪಿನ ಗದ್ದೆಯವರು) ತೆಗೆದ ಉಪ್ಪನ್ನು ನಿಗದಿತ ದರಕ್ಕೆ ಸರ್ಕಾರಕ್ಕೇ ಒಪ್ಪಿಸಬೇಕು. ವ್ಯಾಪಾರಿ ಅದನ್ನು ಕೊಳ್ಳುವುದು ಸರ್ಕಾರದ ಕೋಠಿಯಿಂದ. ಹಾಗಾಗಿ 120 ರೂಪಾಯಿ ಮಾರಾಟದ ಬೆಲೆ. ಅದರಲ್ಲಿ ಆಗರದವರಿಗೆ ಕೊಟ್ಟದ್ದು, ಸಾಗಣೆ, ಕಾವಲು, ಸವಕಳಿ ಎಲ್ಲ ಕಳೆದು ಉಳಿದದ್ದೇ ತೆರಿಗೆ. 1882ರಲ್ಲಿ ಮಣಕ್ಕೆ 2 ರೂಪಾಯಿಗೆ ಇಳಿಸಿದ ದರ ಹಾಗಲ್ಲ, ಅದು ಉಪ್ಪಿನ ಬೆಲೆಯ ಮೇಲೆ ಬೀಳುವ ಶುದ್ಧ ಸುಂಕ.

ಸವಕಳಿಯನ್ನು ಬೇರೆ ಕಾಲಮ್ಮಿನಲ್ಲೇ ಇಡಿ. ಹೊಸ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡಿನ ಕಹಿನೀರು ಉಳಿದಿರುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಸೋರುತ್ತ ಹೋಗುತ್ತದೆ, ಕರಾವಳಿಯ ಮಳೆಗಾಲದಲ್ಲಂತೂ ರಾಶಿಯೇ ಕರಗುತ್ತದೆ. ಕದ್ದ ಉಪ್ಪನ್ನೂ ಈ ಹೆಸರಿನಲ್ಲೇ ಬರೆದು ಮುಚ್ಚಲು ಸಾಧ್ಯವಿತ್ತು. ವರ್ಷದ ಮೊತ್ತ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಂದೊಂದು ರಾಶಿಯ ಜಮೆ, ಮಾರಾಟ, ಉಳಿಕೆ ಹೋಲಿಸಬೇಕು.

ಕರಾವಳಿ_ಕಡತ:
ತುಂಬ ಉಪಕಾರವಾಯಿತು. ಕಾರವಾರ, ಗೋಕರ್ಣದ ಕಡೆಯ ಅಂಕಿಗಳನ್ನೂ ಇದೇ ಸಾಲಿನಲ್ಲಿ ಮುಂದುವರಿಸಬಹುದೇ?

ಘಟ್ಟದ_ದಾರಿ:
1862ರವರೆಗೆ ಮಾತ್ರ. ಆ ವರ್ಷ ಉತ್ತರ ಕನ್ನಡ ಮದ್ರಾಸ್ ಬಿಟ್ಟು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿ 1837ರಿಂದಲೇ ಅಬಕಾರಿ ಪದ್ಧತಿ: ಉಪ್ಪು ತಯಾರಕನದೇ, ಆಗರದಿಂದ ಹೊರಗೆ ಹೋಗುವಾಗ ಸುಂಕ ಕಟ್ಟಬೇಕು. ಮೊದಲು ಮಣಕ್ಕೆ 8 ಆಣೆ, 1844ರಿಂದ 12 ಆಣೆ. ಸಾಣಿಕಟ್ಟೆಯ ಆಗರಗಳ ಲೆಕ್ಕವನ್ನು ಆ ಚೌಕಟ್ಟಿನಲ್ಲಿ ನೋಡಿ.

ಗೋವೆಯನ್ನಂತೂ ಬಿಡಬೇಡಿ. ಪೋರ್ಚುಗೀಸರ ನೆಲದ ಅಗ್ಗದ ಉಪ್ಪು ಗಡಿ ದಾಟಿ ಘಟ್ಟ ಹತ್ತುತ್ತಿತ್ತು. ಅದನ್ನು ತಡೆಯಲೆಂದೇ 1878ರ ಒಪ್ಪಂದದಲ್ಲಿ ಬ್ರಿಟಿಷರು ಗೋವೆಯ ಉಪ್ಪಿನ ಹಿಡಿತ ಪಡೆದು, ಪ್ರತಿಯಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ ಒಪ್ಪಿಕೊಂಡರು. ಅಲ್ಲಿ ಅನೇಕ ಸಣ್ಣ ಆಗರಗಳು ಮುಚ್ಚಿದವು. ಒಪ್ಪಂದ ನಡೆದದ್ದು 1880ರಿಂದ 1892ರವರೆಗೆ. ಆ ಹನ್ನೆರಡು ವರ್ಷಗಳಲ್ಲಿ ಮಾರಾಟ ಏರಿದ್ದು ಕಂಡರೆ ಜನ ಹೆಚ್ಚು ಉಪ್ಪು ತಿಂದರೆಂದು ಬರೆಯುವ ಮೊದಲು, ಕಳ್ಳದಾರಿಯ ಉಪ್ಪು ಲೆಕ್ಕದೊಳಕ್ಕೆ ಬಂತೇ ಎಂದು ಪರೀಕ್ಷಿಸಿ.