ನೀರು ನಿಲ್ಲೋ ಜಾಗಕ್ಕೆ ಸ್ವಾಂಪ್ ಮಿಲ್ಕ್‌ವೀಡ್: ಬೆಳೆಸಿದವರು ಸ್ವಲ್ಪ ಹೇಳ್ತೀರಾ?

ಮಿಷಿಗನ್‌ನಿಂದ: ಮನೆ ಹಿಂದಿನ ತಗ್ಗಲ್ಲಿ ಮಳೆ ನೀರು ಬೇಗ ಇಂಗಲ್ಲ, ಹುಲ್ಲೆಲ್ಲ ಕೊಳೆಯುತ್ತೆ. ಇಲ್ಲಿನದೇ ಗಿಡ, ಜೇನುಹುಳ, ಚಿಟ್ಟೆ ಎಲ್ಲಾ ಬರುತ್ತವೆ ಅಂತ ಇದನ್ನ ಹಾಕೋಣ ಅನ್ಕೊಂಡಿದ್ದೀನಿ. ಬೀಜವೋ ಸಸಿಯೋ? ಹಿತ್ತಲೆಲ್ಲ ಹಬ್ಬಿಬಿಡುತ್ತಾ?

ಮಿನೆಸೋಟಾದಿಂದ: ಬೀಜವೇ ಸಾಕು, ಆದರೆ ಅದಕ್ಕೆ ಚಳಿ ತಾಗಲೇಬೇಕು. ನೆಲ ಹೆಪ್ಪುಗಟ್ಟೋ ಮುಂಚೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ ಬಿಡಿ. ವಸಂತದಲ್ಲೇ ಬಿತ್ತೋದಾದ್ರೆ ಒದ್ದೆ ಪೇಪರ್ ಟವೆಲ್‌ನಲ್ಲಿ ಸುತ್ತಿ 30ರಿಂದ 60 ದಿನ ಫ್ರಿಜ್‌ನಲ್ಲಿಡಿ. ಹೂವು ಸಾಮಾನ್ಯವಾಗಿ ಎರಡನೇ ವರ್ಷ. ಇನ್ನೊಂದು ಮಾತು: ಬೇರೆ ಗಿಡಗಳೆಲ್ಲ ಚಿಗುರಿದ ಮೇಲೂ ಇದು ಸತ್ತ ಹಾಗೇ ಇರುತ್ತೆ. ಅಗೆದು ಎಸೆದುಬಿಟ್ಟೀರಿ! ಹಳೇ ಕಡ್ಡಿಗಳನ್ನ ಗುರುತಿಗೆ ಬಿಟ್ಟಿರಿ.

ನ್ಯೂಜೆರ್ಸಿಯಿಂದ: ನೆಲದಡಿ ಬೇರು ಬಿಟ್ಟು ಹಬ್ಬೋದು ಕಾಮನ್ ಮಿಲ್ಕ್‌ವೀಡ್ ಅನ್ನೋ ಇನ್ನೊಂದು ಜಾತಿ. ಇದು ನಿಂತಲ್ಲೇ ಗುಂಪಾಗುತ್ತೆ, ಮೂರರಿಂದ ಐದಡಿ. ಬೀಜ ಹಾರಿ ಅಲ್ಲಿ ಇಲ್ಲಿ ಹುಟ್ಟೋದುಂಟು. ಬೇಡವಾದ್ರೆ ಕಾಯಿ ಒಡೆಯೋ ಮುಂಚೆ ಕಿತ್ತುಬಿಡಿ. ನಮ್ಮ ಎಕ್ಕದ ಬಳಗ ತಾನೆ, ಮುರಿದರೆ ಹಾಲು ಬರುತ್ತೆ. ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಮಕ್ಕಳು, ನಾಯಿ ಬಾಯಿಗೆ ಹಾಕದಂತೆ ನೋಡ್ಕೊಳ್ಳಿ. ಬಿಸಿಲು ಚೆನ್ನಾಗಿ ಬೀಳಬೇಕು, ನೆರಳಲ್ಲಿ ಹೂವು ಕಮ್ಮಿ.

ಓಹಿಯೋದಿಂದ: ಯಾರೂ ಗಿಡಹೇನಿನ ಸುದ್ದಿ ಎತ್ತಲಿಲ್ಲ. ಬೇಸಿಗೆಯಲ್ಲಿ ಕಾಂಡದ ತುದಿಯೆಲ್ಲ ಹಳದಿ ಹೇನು ಮುತ್ತಿಕೊಳ್ಳುತ್ತೆ, ನೋಡಿದ್ರೆ ಮೈ ಜುಮ್ಮೆನ್ನುತ್ತೆ. ದಯವಿಟ್ಟು ಔಷಧಿ ಹೊಡೀಬೇಡಿ, ಮೊನಾರ್ಕ್ ಚಿಟ್ಟೆಯ ಮರಿಹುಳಗಳೂ ಸಾಯ್ತವೆ. ಎಲೆ ಕೆಳಗೆ ಆ ಚಿಟ್ಟೆಯ ಬಿಳಿ ಮೊಟ್ಟೆ ಇದೆಯಾ ನೋಡಿ, ಇಲ್ಲದ ಕಡೆ ಪೈಪಿನ ನೀರು ಬಿಟ್ಟು ತೊಳೆದರಾಯ್ತು. ನಾನಂತೂ ಅದನ್ನೂ ಮಾಡಲ್ಲ. ಹೇನು ತಿನ್ನೋ ಲೇಡಿಬಗ್ ಹುಳ ತಾನಾಗೇ ಬರುತ್ತೆ, ಹೇನು ಕಂಡರೂ ಗಟ್ಟಿ ಗಿಡ ಸಾಯಲ್ಲ. ನರ್ಸರಿಯಲ್ಲಿ ಸಸಿ ತಗೊಳ್ಳೋದಾದ್ರೆ ನಿಯೊನಿಕೊಟಿನಾಯ್ಡ್ ಅನ್ನೋ ಕೀಟನಾಶಕ ಹಾಕಿದ್ದಾರಾ ಅಂತ ಮೊದಲು ಕೇಳಿ. ಹಾಕಿದ್ರೆ ಆ ವಿಷ ಎಲೆ, ಮಕರಂದದಲ್ಲೂ ಇರುತ್ತೆ.

ಹೂವು ಬಿಟ್ಟಾಗ ಹತ್ತಿರ ಹೋಗಿ ನೋಡಿ. ಪರಾಗ ಇಲ್ಲಿ ಪುಡಿಯಲ್ಲ, ಜೋಡಿ ಗಂಟು. ಹೂವಿನ ಸೀಳಲ್ಲಿ ದುಂಬಿಯ ಕಾಲು ಸಿಕ್ಕಿ, ಎಳೆದುಕೊಂಡಾಗ ಆ ಜೋಡಿ ಕಾಲಿಗೇ ಅಂಟಿಕೊಂಡು ಹೊರಡುತ್ತೆ. ಸಣ್ಣ ಹುಳಗಳು ಒಮ್ಮೊಮ್ಮೆ ಬಿಡಿಸಿಕೊಳ್ಳಲಾಗದೆ ಅಲ್ಲೇ ಸಾಯ್ತವೆ, ಪಾಪ.

ಮಿಷಿಗನ್‌ನಿಂದ: ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ಜೇಡಿಮಣ್ಣು. ಗೊಬ್ಬರ ಬೇಕಾ?

ಮಿನೆಸೋಟಾದಿಂದ: ಬೇಡವೇ ಬೇಡ. ಜೇಡಿಮಣ್ಣಿಗೆ ಹೊಂದಿಕೊಳ್ಳುತ್ತೆ. ಮೊದಲ ಬೇಸಿಗೆ ಮಾತ್ರ ತೇವ ಆರದಂತೆ ನೋಡ್ಕೊಳ್ಳಿ.