ಕರೆಂಟ್ ಹೋದ್ರ ಫೋನ್ ಡಾಟಾಕ್ಕ ಜಿಗೀತದ, ತಡಿಯೂದು ಹ್ಯಾಂಗ?

ವಿಜಯಪುರದಿಂದ ಪ್ರಶ್ನೆ

ಮನ್ಯಾಗ ಫೈಬರ್ ವೈಫೈ ಅದ. ಅವ್ವನ ಫೋನಿಗೆ ದಿನಕ್ಕ 1.5 ಜಿಬಿ ಪ್ಯಾಕ್. ಕರೆಂಟ್ ಹೋದ್ರ ರೌಟರ್ ಬಂದ್ ಆಗ್ತದ, ಫೋನ್ ತಾನಾಗೇ ಮೊಬೈಲ್ ಡಾಟಾಕ್ಕ ಹೋಗ್ತದ, ಯೂಟ್ಯೂಬ್ ಹಂಗೇ ನಡದಿರ್ತದ. ಮಧ್ಯಾಹ್ನದಾಗ ಪ್ಯಾಕ್ ಮುಗೀತದ, ಸಂಜೀಕ ಅಂಗಡ್ಯಾಗ ಯುಪಿಐ ನಡಿಯಂಗಿಲ್ಲ. ಹೊರಗ ವಾಟ್ಸಾಪ್ ಮತ್ತ ಯುಪಿಐಗೆ ಅಷ್ಟೇ ಡಾಟಾ ಬೇಕು, ಉಳದದ್ದೆಲ್ಲ ವೈಫೈ ಮ್ಯಾಲೇ ನಡೀಬೇಕು. ಡಾಟಾ ಸೇವರ್ ಹಾಕಿ ನೋಡೇವಿ, ಫರಕ್ ಬಿದ್ದಿಲ್ಲ. ಅವ್ವಂದು ರೆಡ್ಮಿ, ಅಪ್ಪಂದು ಸ್ಯಾಮ್‌ಸಂಗ್, ತಮ್ಮಂದು ಐಫೋನ್. ತಿಳದವರು ಹೇಳ್ರಿ.

ಬಾಗಲಕೋಟೆ, ನವನಗರ

ಅಕ್ಕಾರ, ಡಾಟಾ ಸೇವರ್ ತಡಿಯೂದು ಹಿಂದ ನಡಿಯೂ ಆ್ಯಪ್‌ಗಳನ್ನ ಅಷ್ಟ. ಪರದೆ ಮ್ಯಾಲ ತೆರದು ನೋಡಾಕತ್ತಿದ್ದ ಆ್ಯಪಿಗೆ ಅದು ಅಡ್ಡ ಬರಂಗಿಲ್ಲ. ನಿಮ್ಮ ಯೂಟ್ಯೂಬ್ ನಿಲ್ಲದ ಕಾರಣ ಇದ.

ರೆಡ್ಮಿಯೊಳಗ ಇದಕ್ಕ ಛಲೋ ಹಾದಿ ಐತಿ. ಸೆಟ್ಟಿಂಗ್ಸ್‌ನಾಗ ಆ್ಯಪ್ಸ್‌ಗೆ ಹೋಗಿ ಯೂಟ್ಯೂಬ್ ಒತ್ತರಿ, ‘ರಿಸ್ಟ್ರಿಕ್ಟ್ ಡಾಟಾ ಯೂಸೇಜ್’ ತೆರೀರಿ. ವೈಫೈ ಮತ್ತ ಎರಡೂ ಸಿಮ್ಮಿನ ಮೊಬೈಲ್ ಡಾಟಾಕ್ಕ ಬ್ಯಾರೆ ಬ್ಯಾರೆ ಟಿಕ್ ಇರ್ತಾವು. ವೈಫೈ ಟಿಕ್ ಇಟ್ಟು ಎರಡೂ ಸಿಮ್ಮಿನ ಟಿಕ್ ತಗೀರಿ. ಒಂದ ಸಿಮ್ಮಿಂದು ತಗದ್ರ, ಡಾಟಾ ಇನ್ನೊಂದಕ್ಕ ಬದಲಾದ ದಿನ ಮತ್ತ ಅದ ಕತಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಗೂಗಲ್ ಫೋಟೋಸ್, ಪ್ಲೇ ಸ್ಟೋರ್‌ಗೂ ಹಿಂಗ ಮಾಡ್ರಿ. ‘ಗೂಗಲ್ ಪ್ಲೇ ಸರ್ವಿಸಸ್’ ಮಾತ್ರ ಮುಟ್ಟಬ್ಯಾಡ್ರಿ. ಮೆಸೇಜ್ ಬಂದ ಸೂಚನೆ ಫೋನಿಗೆ ಮುಟ್ಟೂದು ಅದರ ಹಾದಿಯೊಳಗಿಂದ. ಅದನ್ನ ಬಂದ್ ಮಾಡಿದ್ರ ಹೊರಗಿದ್ದಾಗ ಸೂಚನೆ ತಡ ಆಗ್ತಾವು, ಇಲ್ಲಾ ಬರೂದ ಇಲ್ಲ.

ಒಪ್ಪೋ, ರಿಯಲ್‌ಮಿಯೊಳಗ ಇಂಥಾದ್ದ ಸೌಲಭ್ಯ ಮೊಬೈಲ್ ನೆಟ್‌ವರ್ಕ್ ಒಳಗಿನ ಡಾಟಾ ಯೂಸೇಜ್‌ನಾಗ, ವಿವೋದೊಳಗ ಐಮ್ಯಾನೇಜರ್‌ನಾಗ ಐತಿ. ಮಾಡಿದ ಮ್ಯಾಲ ಪರೀಕ್ಷೆ ಮಾಡ್ರಿ: ವೈಫೈ ಬಂದ್ ಮಾಡಿ ಯೂಟ್ಯೂಬ್ ತೆರದ್ರ ಇಂಟರ್ನೆಟ್ ಇಲ್ಲ ಅನಬೇಕು, ವಾಟ್ಸಾಪ್ ಮೆಸೇಜ್ ಮಾತ್ರ ಹೋಗಬೇಕು.

ಬೆಳಗಾವಿ, ಟಿಳಕವಾಡಿ

ಅಪ್ಪಾರ ಸ್ಯಾಮ್‌ಸಂಗ್‌ನಾಗ ಹಂತಾ ಟಿಕ್ ಇಲ್ಲರಿ. ಆ್ಯಪಿನ ಬ್ಯಾಕ್‌ಗ್ರೌಂಡ್ ಡಾಟಾ ಬಂದ್ ಮಾಡಬಹುದು ಅಷ್ಟ. ಅಲ್ಲಿ ಎರಡು ಕೆಲಸ ಮಾಡ್ರಿ.

ಮೊದಲನೇದು, ವೈಫೈ ಪುಟದ ಮೂರು ಚುಕ್ಕಿ ಒತ್ತಿ ‘ಇಂಟೆಲಿಜೆಂಟ್ ವೈಫೈ’ ತೆರದು ‘ಸ್ವಿಚ್ ಟು ಮೊಬೈಲ್ ಡಾಟಾ’ ಬಂದ್ ಮಾಡ್ರಿ. ಇದು ಹಚ್ಚಿದ್ರ ವೈಫೈ ಇದ್ದೂ ನಿಧಾನ ಆದಾಗ ಫೋನ್ ಹೇಳದ ಕೇಳದ ಡಾಟಾಕ್ಕ ಹೋಗತೈತಿ. ಬ್ಯಾರೆ ಕಂಪನಿ ಫೋನಿನೊಳಗ ಇದಕ್ಕ ‘ವೈಫೈ ಅಸಿಸ್ಟೆಂಟ್’ ಅಂತಾರ.

ಎರಡನೇದು, ‘ಮೋಡ್ಸ್ ಆ್ಯಂಡ್ ರೂಟೀನ್ಸ್’, ಅಂದ್ರ ನಾವು ಹಾಕಿದ ಶರತ್ತು ಕೂಡಿದಾಗ ಫೋನ್ ತಾನ ಒಂದು ಕೆಲಸ ಮಾಡೂ ಸೌಲಭ್ಯ. ಇಲ್ಲಿ ಬಾಳ ಮಂದಿ ‘ಮನಿ ವೈಫೈ ಸಿಕ್ಕಾಗ ಡಾಟಾ ಬಂದ್’ ಅಂತ ಬರೀತಾರ. ಕರೆಂಟ್ ಹೋದ ಕೂಡಲೇ ವೈಫೈ ಕಡೀತೈತಿ, ಆ ಶರತ್ತು ಮುಗೀತೈತಿ, ಡಾಟಾ ಮತ್ತ ಚಾಲೂ. ನಿಮ್ಮ ಅಡಚಣೆಗೆ ಅದು ಉಪಯೋಗಕ್ಕ ಬರಂಗಿಲ್ಲ. ಶರತ್ತಿನ ಜಾಗಾದಾಗ ‘ಪ್ಲೇಸ್’ ಆರಿಸಿ ಮನಿ ಹಾಕ್ರಿ, ಕೆಲಸದ ಜಾಗಾದಾಗ ‘ಮೊಬೈಲ್ ಡಾಟಾ ಆಫ್’. ಆಗ ರೌಟರ್ ಆರಿದ್ರೂ ಮನ್ಯಾಗ ಇರೂತನಕ ಡಾಟಾ ಎದ್ದು ಕುಂದ್ರಂಗಿಲ್ಲ, ಹೊರಗ ಹೋದ ಮ್ಯಾಲ ತಾನ ಚಾಲೂ ಆಗತೈತಿ. ಲೊಕೇಶನ್ ಮಾತ್ರ ಹಚ್ಚಿರಬೇಕು.

ಪ್ಲೇ ಸ್ಟೋರಿನೊಳಗ ‘ಡಾಟಾ ತಾನ ಆನ್-ಆಫ್’ ಅನ್ನೂ ಆ್ಯಪ್ ಹುಡುಕಬ್ಯಾಡ್ರಿ. ಆಂಡ್ರಾಯ್ಡ್ 5ರಿಂದ, ಅಂದ್ರ 2014ರಿಂದ, ಹೊರಗಿನ ಆ್ಯಪಿಗೆ ಆ ಸ್ವಿಚ್ ಒತ್ತೂ ಅಧಿಕಾರ ಇಲ್ಲ, ರೂಟ್ ಮಾಡಿದ (ಕಂಪನಿ ಹಾಕಿದ ಬೀಗ ತಗದು ಪೂರಾ ಅಧಿಕಾರ ಪಡದ) ಫೋನ್ ಬಿಟ್ಟು. ಆ್ಯಪಿಗೊಂದರಂಗ ತಡೀಬೇಕಂದ್ರ ‘ನೆಟ್‌ಗಾರ್ಡ್’ ಅನ್ನೂ ಆ್ಯಪ್ ಐತಿ. ವೈಫೈಗೊಂದು, ಡಾಟಾಕ್ಕೊಂದು ಗುರುತು, ರೂಟ್ ಬ್ಯಾಡ. ಅದು ಫೋನಿನೊಳಗಿನ ವಿಪಿಎನ್ (ಇಂಟರ್ನೆಟ್ ಓಡಾಟ ಎಲ್ಲಾ ಒಂದ ಆ್ಯಪಿನ ಮೂಲಕ ಹಾಯಿಸೂ ಹಾದಿ) ಜಾಗಾ ಹಿಡೀತೈತಿ, ಹಿಂಗಾಗಿ ಅದರ ಸಂಗಾಟ ಇನ್ನೊಂದು ವಿಪಿಎನ್ ನಡಿಯಂಗಿಲ್ಲ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನ ಹೊರಗಿಡ್ರಿ, ಇಲ್ಲಾಂದ್ರ ಫೋನ್ ಅದನ್ನ ಮಲಗಸಿಬಿಡತೈತಿ.

ಜಮಖಂಡಿ

ಐಫೋನಿಗೆ: ಸೆಟ್ಟಿಂಗ್ಸ್, ಮೊಬೈಲ್ ಡಾಟಾ. ಆ್ಯಪಿಗೊಂದು ಸ್ವಿಚ್ ಅಲ್ಲೇ ಐತಿ, ಯೂಟ್ಯೂಬಿಂದು ಬಂದ್ ಮಾಡ್ರಿ. ಪಟ್ಟಿಯ ಕಡೀಕ ಇಳದ್ರ ‘ವೈಫೈ ಅಸಿಸ್ಟ್’ ಸಿಗತೈತಿ, ಅದನ್ನೂ ಬಂದ್ ಮಾಡ್ರಿ. ಅದು ಎಷ್ಟು ಡಾಟಾ ತಿಂದೈತಿ ಅನ್ನೂದೂ ಅಲ್ಲೇ ಕಾಣತೈತಿ. ಇನ್ನೊಂದು: ಕಂಟ್ರೋಲ್ ಸೆಂಟರ್‌ನಾಗ ವೈಫೈ ಗುರುತು ಒಮ್ಮೆ ಒತ್ತಿದ್ರ ವೈಫೈ ಪೂರಾ ಬಂದ್ ಆಗಂಗಿಲ್ಲ, ಸಂಪರ್ಕ ಕಡೀತೈತಿ ಅಷ್ಟ. ಮುಂಜಾನೆ 5ಕ್ಕ ಮತ್ತ ತಾನ ಜೋಡಸಕೋತೈತಿ.

ವಿಜಯಪುರ (ಪ್ರಶ್ನೆ ಕೇಳಿದವರು)

ರೆಡ್ಮಿದು ಆತ್ರಿ, ಯೂಟ್ಯೂಬ್ ನಿಂತದ. ಅಪ್ಪಾರು ಕೇಳಾಕತ್ತಾರ, ಡಾಟಾ ಬಂದ್ ಇದ್ರ ಫೋನ್ ಬರ್ತಾವಿಲ್ಲೋ, ಬ್ಯಾಂಕಿನ ಓಟಿಪಿ ಬರ್ತದಿಲ್ಲೋ?

ಬೆಳಗಾವಿ, ಟಿಳಕವಾಡಿ

ಎರಡೂ ಬರ್ತಾವರಿ. ವೋಲ್ಟಿ (4ಜಿ ಮ್ಯಾಲ ಬರೂ ಸಾದಾ) ಕರೆ ಮತ್ತ ಎಸ್‌ಎಂಎಸ್‌ಗೆ ಡಾಟಾ ಸ್ವಿಚ್ ಬೇಕಾಗಿಲ್ಲ. ವೈಫೈನೂ ಇಲ್ಲದಾಗ ವಾಟ್ಸಾಪ್ ಕರೆ ಮಾತ್ರ ಬರಂಗಿಲ್ಲ. ಮನ್ಯಾಗ ಅದನ್ನ ಕಾಯೂ ಮಂದಿ ಇದ್ರ ರೂಟೀನ್ ಬ್ಯಾಡ, ನೆಟ್‌ಗಾರ್ಡ್ ಛಲೋ.

ಇಳಕಲ್ಲ

ಮೂಲದಾಗ ರೌಟರ್ ಆರದಂಗ ಮಾಡ್ರಿ ಅಂತ ನನ್ನ ಸಲಹೆ. ರೌಟರ್ ಅಡಾಪ್ಟರ್ ಮ್ಯಾಲ ‘ಔಟ್‌ಪುಟ್’ ಸಾಲು ಓದ್ರಿ. ಬಾಳಷ್ಟು 12 ವೋಲ್ಟ್ ಇರ್ತಾವು, 9 ವೋಲ್ಟಿನವೂ ಅದಾವು. ಕರೆಂಟ್ ಹೋದಾಗ ರೌಟರ್ ನಡಸೂ ಸಣ್ಣ ಬ್ಯಾಟರಿ ಡಬ್ಬಿಗೆ ಮಿನಿ ಯುಪಿಎಸ್ ಅಂತಾರ; ಅದರ ವೋಲ್ಟ್ ಬರೋಬ್ಬರಿ ಅಷ್ಟ ಇರಬೇಕು, ಆಂಪಿಯರ್ ಅಷ್ಟ ಅಥವಾ ಹೆಚ್ಚಿರಬೇಕು. ಡಬ್ಬಿ ಮ್ಯಾಲ 8,800 ಎಂಎಎಚ್ ಅಂತ ಬರದಿದ್ರ ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಅಂದ್ರ ಸುಮಾರು 32 ವ್ಯಾಟ್-ಅವರ್. 8 ವ್ಯಾಟ್ ತಿನ್ನೂ ರೌಟರಿಗೆ ಲೆಕ್ಕದ ಪ್ರಕಾರ 4 ತಾಸು, ನಷ್ಟ ಕಳದ್ರ 3 ತಾಸಿನ ಆಸುಪಾಸು. ಫೈಬರ್ ಡಬ್ಬಿ ಬ್ಯಾರೆ, ರೌಟರ್ ಬ್ಯಾರೆ ಇದ್ರ ಎರಡಕ್ಕೂ ಬ್ಯಾಕಪ್ ಬೇಕು. ಒಂದ ಕೊಟ್ರ ವೈಫೈ ಗುರುತಿಗೆ ಉದ್ಗಾರ ಚಿಹ್ನೆ ಬರ್ತೈತಿ, ಫೋನ್ ಡಾಟಾಕ್ಕ ಹೋಗಿರ್ತೈತಿ.

ಕಲ್ಲಿನ ಗ್ವಾಡಿ ಮನಿ ಇದ್ರ ಇನ್ನೊಂದು. 5 ಗಿಗಾಹರ್ಟ್ಜ್ ಸಿಗ್ನಲ್ ದಪ್ಪ ಗ್ವಾಡಿ ದಾಟೂದು ಕಷ್ಟ. ಪಡಸಾಲ್ಯಾಗ ಛಲೋ ನಡದು ಹಿಂದಿನ ಖೋಲ್ಯಾಗ ಕಡದು ಹೋಗೂದು ಹಿಂಗಾಗಿ. ಆ ಖೋಲ್ಯಾಗಿನ ಫೋನನ್ನ 2.4 ಗಿಗಾಹರ್ಟ್ಜಿಗೆ ಜೋಡಸ್ರಿ.

ಮುಧೋಳ

ಒಬ್ಬರ ಹಾಟ್‌ಸ್ಪಾಟ್ ಇನ್ನೊಬ್ಬರು ಹಿಡಿಯೂ ಮನ್ಯಾಗ ಒಂದು ಜೋಕಿ: ಹಿಡದ ಫೋನಿಗೆ ಅದೂ ವೈಫೈನ. ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲಾ ಅದರ ಮ್ಯಾಲ ಸುರು ಆಗಬಹುದು. ಆ ನೆಟ್‌ವರ್ಕಿನ ಹೆಸರು ಒತ್ತಿ ‘ಟ್ರೀಟ್ ಆ್ಯಸ್ ಮೀಟರ್ಡ್’ (ಇದು ಮಿತಿ ಇರೂ ಡಾಟಾ ಅಂತ ತಿಳಕೋ) ಆಯ್ಕೆ ಮಾಡ್ರಿ. ಐಫೋನಿನೊಳಗ ಅದ ಜಾಗಾದಾಗ ‘ಲೋ ಡಾಟಾ ಮೋಡ್’.

ನಿಪ್ಪಾಣಿ

ಗಡಿ ಭಾಗದವರಿಗೆ ಇದೂ ಬೇಕು. ಇಲ್ಲಿ, ಖಾನಾಪುರದ ಕಡೆ, ನಿಮ್ಮ ಚಡಚಣದ ಕಡೆನೂ ಫೋನ್ ಮಹಾರಾಷ್ಟ್ರ ಸರ್ಕಲ್ಲಿನ (ಟೆಲಿಕಾಂ ಸೇವಾ ವಲಯದ) ಟವರ್ ಹಿಡೀತೈತಿ. ಟೆಲಿಕಾಂ ಲೆಕ್ಕದಾಗ ಗೋವಾನೂ ಅದ ಸರ್ಕಲ್. ಕೆಲವು ಸಿಮ್ಮಿಗೆ ಆಗ ‘ಆರ್’ (ರೋಮಿಂಗ್) ಗುರುತು ಬರ್ತೈತಿ. ಡಾಟಾ ರೋಮಿಂಗ್ ಬಂದ್ ಇದ್ರ ಡಾಟಾ ನಿಂತು ಹೋಗತೈತಿ, ಯುಪಿಐನೂ ನಡಿಯಂಗಿಲ್ಲ. ಅಂಥಾ ಸಿಮ್ಮಿಗೆ ರೋಮಿಂಗ್ ಚಾಲೂ ಇಡ್ರಿ, ಪರದೇಶಕ್ಕ ಹೋಗೂ ಮುಂದ ನೆನಪಿಟ್ಟು ಬಂದ್ ಮಾಡ್ರಿ. ರೋಮಿಂಗ್ ಇದ್ದಾಗ ವಾಟ್ಸಾಪ್ ಫೋಟೋ ತಾನ ಇಳಿಯಂಗಿಲ್ಲ, ಯಾಕಂದ್ರ ‘ಸ್ಟೋರೇಜ್ ಆ್ಯಂಡ್ ಡಾಟಾ’ದೊಳಗ ‘ವೆನ್ ರೋಮಿಂಗ್’ ಮೊದಲಿಂದ ‘ನೋ ಮೀಡಿಯಾ’ ಇರ್ತೈತಿ. ಅದರ ಮ್ಯಾಲಿನ ‘ಮೊಬೈಲ್ ಡಾಟಾ’ ಸಾಲಿನೊಳಗಿನ ಟಿಕ್ಕೂ ತಗದುಬಿಡ್ರಿ. ಬೇಕಾದ ಫೋಟೋ ಒತ್ತಿ ಇಳಿಸ್ಕೊಂಡ್ರಾತು.