ಹಳೇ ಪೆಂಟಿಯಂ 4 ಕಂಪ್ಯೂಟರಿನಲ್ಲಿ ಸಿಡಿಯಿಂದ ಪಪ್ಪಿ ಲಿನಕ್ಸ್: ಬೂಟ್ ಆಗ್ತಿಲ್ಲ

ಶಿರಾದಿಂದ: 512 ಎಂಬಿ ರ್‍ಯಾಮ್, ಹಾರ್ಡ್ ಡಿಸ್ಕ್ ಇಲ್ಲ. ಅದಕ್ಕೇ ಹಗುರವಾದ ಆಪರೇಟಿಂಗ್ ಸಿಸ್ಟಂ ಪಪ್ಪಿ ಲಿನಕ್ಸ್ ಹಾಕೋಣ ಅಂತ. ಐಎಸ್‌ಒ ಫೈಲನ್ನು (ಇಡೀ ಸಿಡಿಯ ಪ್ರತಿರೂಪ ಇರೋ ಒಂದೇ ಫೈಲ್) ಸಿಡಿಗೆ ಹಾಕಿದ್ರೂ ಬೂಟ್ ಆಗ್ತಿಲ್ಲ. ಕರೆಂಟ್ ಹೋಗಿ ಬಂದ್ರೆ ಬಯೋಸ್‌ನ ಬೂಟ್ ಕ್ರಮವೂ (ಯಾವ ಡ್ರೈವಿಂದ ಮೊದಲು ಶುರುವಾಗಬೇಕು ಅನ್ನೋ ಸೆಟಿಂಗ್) ಅಳಿಸಿಹೋಗುತ್ತೆ. ಏನು ಮಾಡ್ಲಿ?

ಗುಬ್ಬಿಯಿಂದ: ಸಿಡಿ ತೆರೆದು ನೋಡಿ ಸರ್. ಒಳಗೆ ಐಎಸ್‌ಒ ಫೈಲ್ ಒಂದೇ ಕಂಡ್ರೆ ಅದು ಬರೀ ಕಾಪಿ ಆಗಿದೆ. ‘ಬರ್ನ್ ಇಮೇಜ್’ ಆಯ್ಕೆಯಲ್ಲೇ ಬರೆಯಬೇಕು, ಕಡಿಮೆ ವೇಗದಲ್ಲಿ, 8ಎಕ್ಸ್ ಸಾಕು. ಹಳೇ ಡ್ರೈವಿನ ಲೆನ್ಸ್ ಅವಸರದಲ್ಲಿ ಬರೆದ ಸಿಡಿ ಓದೋಕೆ ತಿಣುಕುತ್ತೆ. ಪಪ್ಪಿಯ 32 ಬಿಟ್ ಆವೃತ್ತಿಯೇ ಇರಲಿ.

ಕೊರಟಗೆರೆಯಿಂದ: ಬೂಟ್ ಕ್ರಮ ಅಳಿಸೋದು ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿರೋದಕ್ಕೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ, 3 ವೋಲ್ಟಿಂದು. ಹಾಕದಿದ್ರೆ ತಾರೀಕು ತಪ್ಪಿ, ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ಎರರ್ ಬರುತ್ತೆ.

ಗುಬ್ಬಿಯಿಂದ: ಇನ್ನೊಂದು ಮುಖ್ಯ ಮಾತು. ಪಪ್ಪಿ ರ್‍ಯಾಮಿನಲ್ಲೇ ಓಡೋದು, ಆಫ್ ಮಾಡಿದ್ರೆ ಅದು ಖಾಲಿ. ಶಟ್‌ಡೌನ್ ಮಾಡುವಾಗ ಸೇವ್ ಫೈಲ್ (ನಿಮ್ಮ ಸೆಟಿಂಗ್ ಉಳಿಸೋ ಫೈಲ್) ಎಲ್ಲಿಡಲಿ ಅಂತ ಕೇಳುತ್ತೆ. ಪೆನ್‌ಡ್ರೈವಿಗೆ ಕೊಡಿ, ಇಲ್ಲಾಂದ್ರೆ ಮಾಡಿದ ಸೆಟಿಂಗ್ ಎಲ್ಲಾ ಹೋಯ್ತು.